ಗುರುಸಿದ್ದಯ್ಯನವರ ಎರಡನೆಯ ವರದಿ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ದಾನಮ್ಮ ತಮ್ಮ ಹೊಲಿಗೆ ಯಂತ್ರದ ಮೇಲೆ ಕುಸಿದರು. ಅದು 2003ರ ಏಪ್ರಿಲ್, ಗುರುವಾರ. ಕೆಂಗೇರಿಯ ಬಳಿಯ ಆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ, ಅದೇ ಸಾಲಿನಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೆಂಗಸೊಬ್ಬರು ಎಚ್ಚರ ತಪ್ಪಿದ್ದು ಆ ತಿಂಗಳಲ್ಲಿ ಐದನೆಯ ಸಲ.

ರಾಜಾಜಿನಗರದ ಪಾಲಿಟೆಕ್ನಿಕ್ಕೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ, 2008ರ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಶ್ರೀ ಗುರುಸಿದ್ದಯ್ಯನವರ ಅಭಿನಂದನ ಸಂಪುಟದಲ್ಲಿ ಆ ಮಧ್ಯಾಹ್ನವನ್ನು ನೆನೆಯಲು ಕಾರಣವಿದೆ. ಕಟ್ಟಡಗಳ ಬಿಸಿ, ತಂಪು, ಗಾಳಿಯಾಟ ಅವರ ಕ್ಷೇತ್ರ. ಎಷ್ಟು ಟನ್ನಿನ ಎ.ಸಿ. ಬೇಕೆಂದು ಎಲ್ಲರೂ ಕೇಳುತ್ತಿದ್ದ ಕಾಲದಲ್ಲಿ, ಒಳಗಿನ ಕೆಟ್ಟ ಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಮೊದಲು ಕೇಳಿದವರು ಅವರು. ಪುಕ್ಕಟೆ ಬೀಸುವ ಪಡುವಣ ಗಾಳಿಗೆ ಕಿಟಕಿ ಮುಚ್ಚಿ ವಿದ್ಯುತ್ತು ಸುಡುವುದು ಒಳಗಿದ್ದವರಿಗೂ ಒಳ್ಳೆಯದಲ್ಲ, ಊರಿಗೂ ಒಳ್ಳೆಯದಲ್ಲ ಎಂಬುದು ಅವರ ಪಾಠದ ತಿರುಳಾಗಿತ್ತು.

ಆ ಪಾಠ ಕರಿಹಲಗೆಗೆ ಮುಗಿಯುತ್ತಿರಲಿಲ್ಲ. 2000ದ ಡಿಸೆಂಬರಿನಲ್ಲಿ ಶಿವಯೋಗಿ ಎಂಬ ವಿದ್ಯಾರ್ಥಿ ನಾಗರಬಾವಿಯ ಬಾಡಿಗೆ ಕೋಣೆಯಲ್ಲಿ ಚಳಿಗೆ ಕಿಟಕಿ ಬಿಗಿದು, ಇದ್ದಿಲ ಒಲೆ ಇಟ್ಟುಕೊಂಡು ಮಲಗುತ್ತಾನೆಂದು ತಿಳಿದ ದಿನವೇ ಅವರು ಸ್ಕೂಟರಿನಲ್ಲಿ ಹೋಗಿ, ಕಿಟಕಿಯ ಮೇಲಿನ ಗಾಜನ್ನು ತಾವೇ ಕಳಚಿ, ಮನೆಯ ಮಾಲೀಕರ ಕ್ಷಮೆ ಕೇಳಿ, ತಮ್ಮ ಮನೆಯ ಕಂಬಳಿಯೊಂದನ್ನು ಅವನಿಗೆ ಹೊದಿಸಿ ಬಂದರು.

ಕೆಂಗೇರಿಯ ಕಾರ್ಖಾನೆಯವರು ಅವರನ್ನು ಕರೆದದ್ದು ಮೂರನೆಯ ಹೆಂಗಸು ಬಿದ್ದ ಮೇಲೆ. ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದಿದ್ದರು, ಹತ್ತಕ್ಕೆ ಹೋದರು. ಬಿಳಿ ಬಟ್ಟೆಗೆ ಧೂಳು ಕೂರುತ್ತದೆಂದು ಕಿಟಕಿಗಳನ್ನು ಮುಚ್ಚಿದ್ದರು. ಗೋಡೆಯ ಮೇಲಿದ್ದ ನಾಲ್ಕು ದೊಡ್ಡ ಫ್ಯಾನುಗಳು ಒಳಗಿನ ಗಾಳಿಯನ್ನು ಹೊರಗೆಳೆಯುತ್ತಿದ್ದವು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಅಳೆಯುವ ಮೀಟರು ಹತ್ತು ಲಕ್ಷ ಪಾಲಿಗೆ ಮೂರು ಪಾಲು ತೋರಿಸಿತು. ಗಾಳಿ ಚೆನ್ನಾಗಿದೆ, ಕಟ್ಟಡದಲ್ಲಿ ದೋಷವಿಲ್ಲ ಎಂದು ಬರೆದು ಸಹಿ ಹಾಕಿದರು.

ಆ ಸಹಿಯ ಮೇಲೆ ಬೇರೆಯೇ ಮಾತು ಬೆಳೆಯಿತು. ದಾನಮ್ಮ ಕೂರುತ್ತಿದ್ದದ್ದು, ಮಾರ್ಚಿನಲ್ಲಿ ಕೂತಲ್ಲೇ ಪ್ರಾಣ ಬಿಟ್ಟ ಮುತ್ತವ್ವ ಎಂಬಾಕೆಯ ಕುರ್ಚಿಯಲ್ಲಿ. ಕಟ್ಟಡ ಸರಿಯಿದೆಯೆಂದ ಮೇಲೆ ಇದು ಮುತ್ತವ್ವನದೇ ಕೆಲಸ, ದಾನಮ್ಮನ ಮೈ ಸೇರಿ ಸಾಲಿನವರನ್ನೆಲ್ಲ ಬೀಳಿಸುತ್ತಿದ್ದಾಳೆ ಎಂದಾಯಿತು. ಪೂಜೆ ಮಾಡಿಸಿದರು. ಅದಾಗಿಯೂ ದಾನಮ್ಮ ಬಿದ್ದಾಗ, ಶನಿವಾರದಿಂದ ಕೆಲಸಕ್ಕೆ ಬರುವುದು ಬೇಡ ಎಂದರು.

ಆ ಗುರುವಾರ ಸಂಜೆ ಆಕೆ ಬಸವೇಶ್ವರನಗರದಲ್ಲಿ ಗುರುಸಿದ್ದಯ್ಯನವರ ಮನೆಯ ಬಾಗಿಲಲ್ಲಿ ನಿಂತರು. ಒಳಗೆ ಕರೆದರೂ ಬರಲಿಲ್ಲ.

"ಗಾಳಿ ಛಲೋ ಐತಿ ಅಂತ ನೀವು ಬರದ್ರೀ. ಹಂಗಾರ ಕೆಟ್ಟದ್ದು ನನ್ನೊಳಗ ಐತೇನ್ರೀ, ಸರ?"

ಗುರುಸಿದ್ದಯ್ಯನವರು, "ಯಾವ ಹೊತ್ತಲ್ಲಿ ಹೀಗಾಗುತ್ತಮ್ಮಾ?" ಎಂದು ಕೇಳಿದರು.

"ಕರೆಂಟ್ ಹೋದ ಮ್ಯಾಲ್ರೀ. ಮೊದಲ ತಲಿ ಭಾರ ಆಗತೈತಿ. ಆಮ್ಯಾಲ ಹಿಂದ ಯಾರೋ ಬಂದು ನಿಂತಂಗ ಆಗತೈತ್ರೀ."

ಆ ಬೇಸಿಗೆಯಲ್ಲಿ ಅಲ್ಲಿ ಮೂರರಿಂದ ಐದರವರೆಗೆ ನಿತ್ಯವೂ ವಿದ್ಯುತ್ ಕಡಿತ. ಬಿದ್ದವರು ಯಾವ ಹೊತ್ತಿಗೆ ಬಿದ್ದರೆಂದು ಕೇಳದೆಯೇ ತಾವು ಬೆಳಿಗ್ಗೆ ಅಳೆದು ಬಂದಿದ್ದೆವೆಂದು ಅವರಿಗೆ ಅರಿವಾದದ್ದು ಆ ಬಾಗಿಲಲ್ಲಿ.

ಶುಕ್ರವಾರ ಮೂರಕ್ಕೆ ಮೊದಲೇ ಅವರು ಕಾರ್ಖಾನೆಯಲ್ಲಿದ್ದರು. ಗಾಳಿಯ ದಾರಿ ನೋಡಲು ಊದಿನಕಡ್ಡಿ ಹಚ್ಚುವುದು ಅವರ ಪದ್ಧತಿ. ಫ್ಯಾನಿನ ಕೆಳಗೆ ಕಡ್ಡಿ ಹಿಡಿದು ನಿಂತದ್ದನ್ನು ಕಂಡು ಮೇಲ್ವಿಚಾರಕ ಮುನಿವೆಂಕಟಪ್ಪ ನಕ್ಕರು.

"ಏನ್ ಸಾರ್, ನೀವೂ ಶುರು ಹಚ್ಕೊಂಡ್ರಾ? ಪೂಜಾರಪ್ಪ ಮೊನ್ನೆ ತಾನೇ ಮುಗಿಸ್ಕೊಂಡು ಹೋದ್ರು."

"ಇದಕ್ಕೆ ಮಂಗಳಾರತಿ ಇಲ್ಲ ಮುನಿವೆಂಕಟಪ್ಪ. ಸುಮ್ನೆ ನೋಡ್ತಾ ಇರಿ."

ಹಿಂದಿನ ಸಾಲಿನ ಹೆಂಗಸರು ಆಗಲೇ ಕೈಮುಗಿದಿದ್ದರು.

ಹೊಗೆ ನೂಲಿನ ಎಳೆಯಂತೆ ಫ್ಯಾನಿನೊಳಗೆ ಹೋಗುತ್ತಿತ್ತು. ಮೂರಕ್ಕೆ ದೀಪ ಆರಿತು. ಇನ್ನೂರು ಯಂತ್ರಗಳು ಒಟ್ಟಿಗೆ ನಿಂತ ಮೌನದಲ್ಲಿ ಹೊಗೆ ನೆಟ್ಟಗೆ ಮೇಲೇರಿತು. ಹೊರಗೆ ಜನರೇಟರ್ ಗುಡುಗಿತು, ದೀಪ ಬಂತು, ಫ್ಯಾನುಗಳು ಮತ್ತೆ ತಿರುಗಿದವು. ಆಗ ಹೊಗೆ ಗೋಡೆಗೆ ಬೆನ್ನು ಹಾಕಿತು. ಹೊರಗಿನಿಂದ ಯಾರೋ ಊದುತ್ತಿರುವ ಹಾಗೆ ಬಾಗಿ, ಸಾಲಿನುದ್ದಕ್ಕೂ ಚಾಚಿಕೊಂಡು, ದಾನಮ್ಮನ ಕುತ್ತಿಗೆಯ ಹಿಂದೆ ಬಂದು ನಿಂತಿತು.

"ಎಲ್ಲಾ ಎದ್ದು ಆಚೆ ನಡೀರಿ!"

"ಸಾರ್, ನಾಳೆ ಶಿಪ್‌ಮೆಂಟ್ ಐತೆ!"

"ಹೊಲಿಯೋಕೆ ಜನ ಉಳೀಬೇಕಲ್ರೀ. ಕಳಿಸಿ ಮೊದ್ಲು!"

ಎಲ್ಲರೂ ಹೋದರು. ಮೀಟರು ಹಿಡಿದು ಅವರೊಬ್ಬರೇ ಆ ಸಾಲಿನಲ್ಲಿ ಉಳಿದರು. ಅವರ ಟಿಪ್ಪಣಿ ಪುಸ್ತಕದಲ್ಲಿ ಅಂದಿನ ಕೊನೆಯ ಸಾಲು ಹೀಗಿದೆ: "3.37. ಮೀಟರ್ 210. ತಲೆ ಭಾರ. ನನ್ನ ಹಿಂದೆ ಒಬ್ಬ ಹೆಂಗಸು ನಿಂತಿದ್ದಾಳೆ. ತಿರುಗಿ ನೋಡಿದೆ. ಇಲ್ಲ." ಅವರು ಅದನ್ನು ಹೊಡೆದುಹಾಕಲಿಲ್ಲ, ವರದಿಯಲ್ಲೂ ಸೇರಿಸಿದರು.

ಕಾರಣ ಸಣ್ಣದು. ದೊಡ್ಡ ಫ್ಯಾನುಗಳಿಗೆ ವಿದ್ಯುತ್ತು ಬರುವುದು ಮೂರು ತಂತಿಗಳಲ್ಲಿ. ಅವುಗಳಲ್ಲಿ ಎರಡು ಅದಲುಬದಲಾದರೆ ಫ್ಯಾನು ಉಲ್ಟಾ ತಿರುಗುತ್ತದೆ. ಜನರೇಟರ್ ಜೋಡಿಸಿದವರು ಆ ತಪ್ಪು ಮಾಡಿದ್ದರು. ಕರೆಂಟ್ ಹೋದಾಗಲೆಲ್ಲ ಫ್ಯಾನುಗಳು ಹಿಮ್ಮುಖವಾಗಿ ತಿರುಗಿ, ಗೋಡೆಯಾಚೆ ಜನರೇಟರ್ ಉಗುಳುತ್ತಿದ್ದ ಹೊಗೆಯನ್ನು ಒಳಗೆಳೆಯುತ್ತಿದ್ದವು. ಮೊದಲು ತಾಗುತ್ತಿದ್ದದ್ದು ದಾನಮ್ಮನ ಕುರ್ಚಿಗೆ.

ಎರಡನೆಯ ವರದಿಯ ಮೊದಲ ವಾಕ್ಯ: "ನನ್ನ ಮೊದಲ ವರದಿ ತಪ್ಪು." ಕೊನೆಯಲ್ಲಿ ಎರಡು ದಿನಾಂಕಗಳನ್ನು ಒಂದರ ಕೆಳಗೊಂದು ಬರೆದು ಸುಮ್ಮನಾಗಿದ್ದರು. ಜನರೇಟರ್ ಜೋಡಣೆ, ಮಾರ್ಚ್ 3. ಮುತ್ತವ್ವನ ಮರಣ, ಮಾರ್ಚ್ 11. ವರದಿಯನ್ನು ಕಾರ್ಮಿಕರೆದುರು ಗಟ್ಟಿಯಾಗಿ ಓದಬೇಕೆಂದು ಹಟ ಹಿಡಿದು, ಆ ಶುಕ್ರವಾರ ಸಂಜೆಯೇ ಗೇಟಿನ ಬಳಿ ತಾವೇ ಓದಿದರು. ಮುಂದೆ ಅವರ ಸಲಹೆಯಂತೆ ಪಡುವಣ ಕಿಟಕಿಗಳಿಗೆ ಜಾಲರಿ ಹಾಕಿ ತೆರೆದ ಮೇಲೆ, ಎರಡು ಫ್ಯಾನುಗಳ ಅಗತ್ಯವೇ ಇಲ್ಲವಾಯಿತು.

ತಮ್ಮ ತಪ್ಪನ್ನು ಮೊದಲ ಸಾಲಿನಲ್ಲೇ ಬರೆಯಬಲ್ಲ ಇಂಥವರು ಬಹುಕಾಲ ಆರೋಗ್ಯದಿಂದ ನಮ್ಮ ನಡುವೆ ಇರಲಿ. ನಿವೃತ್ತಿಯಾಯಿತೆಂದು ಆ ಮೀಟರನ್ನು ಅಟ್ಟಕ್ಕೇರಿಸದಿರಲಿ. ರಾಜರಾಜೇಶ್ವರಿನಗರದಲ್ಲಿ ಕಿಟಕಿಯೇ ತೆರೆಯದ ಕಟ್ಟಡಗಳು ಏಳುತ್ತಿವೆ. ಅವುಗಳೊಳಗೆ ಕೂರುವವರಿಗೆ ಗುರುಸಿದ್ದಯ್ಯನವರು ಬೇಕು.

ಆ ಶನಿವಾರ ಬೆಳಿಗ್ಗೆ ತಂತಿ ಸರಿಪಡಿಸಲು ಹನ್ನೊಂದು ನಿಮಿಷ ಹಿಡಿಯಿತು. ಎಂಟೂವರೆಗೆ ದಾನಮ್ಮ ಬಂದು ಅದೇ ಕುರ್ಚಿಯಲ್ಲಿ ಕೂತರು. ಮೂರಕ್ಕೆ ಕರೆಂಟ್ ಹೋಯಿತು. ಐದೂವರೆಗೆ ಆಕೆ ಕೆಲಸ ಮುಗಿಸಿ ಮನೆಗೆ ಹೋದರು.