ಪುರುಸೊತ್ತಿನ ಪುಸ್ತಕ

ಮೊನ್ನೆ ಮಣಿಪಾಲದಲ್ಲಿ ಕಣ್ಣಿನ ಡಾಕ್ಟರರನ್ನು ಕಂಡು ಹೊರಬಂದವಳು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಎದುರಿನ ಪುಸ್ತಕದಂಗಡಿ ಹೊಕ್ಕೆ. ಹೊಸ ವರ್ಷದ ಡೈರಿಗಳು ಬಂದಿದ್ದವು. ಈಗ ಅವುಗಳಿಗೆ ಪ್ಲಾನರ್ ಎಂದು ಹೆಸರು. ಒಂದನ್ನೆತ್ತಿ ಬಿಡಿಸಿದೆ. ಹೊಸ ಕಾಗದ, ಅಂಟು, ರೆಕ್ಸಿನ್ ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ತನ್ನಷ್ಟಕ್ಕೆ ನಡುವಿನ ಒಂದು ವಾರಕ್ಕೆ ಹೋಗಿ ಭಾನುವಾರವನ್ನು ಹುಡುಕಿತು. ಶನಿವಾರದ ಕೆಳಗೆ, ಪುಟದ ತುದಿಯಲ್ಲಿ, ಎರಡು ಬೆರಳಗಲ ಜಾಗದಲ್ಲಿ ಅದು ಮುದುಡಿ ಕೂತಿತ್ತು.

"ಎಂತ ಅಮ್ಮ, ಇಷ್ಟ ಆಗ್ಲಿಲ್ವಾ?" ಎಂದಳು ಅಂಗಡಿಯ ಹುಡುಗಿ.

"ಭಾನುವಾರ ಸಣ್ಣದಾಯಿತು ಮಗಾ."

"ಆದಿತ್ಯವಾರ ಬರೀಲಿಕ್ಕೆ ಎಂತ ಉಂಟು ಅಮ್ಮ, ರಜೆ ಅಲ್ವಾ?"

ಅವಳಿಗೆ ಉತ್ತರ ಹೇಳುವಷ್ಟರಲ್ಲಿ ಬಸ್ಸು ಬಂತು. ನಿಮಗೆ ಬಸ್ಸು ಹಿಡಿಯುವ ಅವಸರ ಇಲ್ಲವೆಂದುಕೊಂಡು ಹೇಳುತ್ತೇನೆ, ಕೇಳಿ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮದುವೆಯಾಗಿ ಇನ್ನಂಜೆಗೆ ಬಂದಿದ್ದೆ. ಕಾಪುವಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ. ಮನೆಯಲ್ಲಿ ಗಂಡ, ಅತ್ತೆ ಮತ್ತು ಮಲ್ಲಿಗೆ. ಮಲ್ಲಿಗೆಯನ್ನು ಮನೆಮಂದಿಯ ಲೆಕ್ಕಕ್ಕೆ ಸೇರಿಸಿದ್ದಕ್ಕೆ ನಗಬೇಡಿ. ಹಿತ್ತಿಲ ತುಂಬ ಇದ್ದ ಆ ಗಿಡಗಳು ಗಂಡನಿಗಿಂತ ಹೆಚ್ಚು ಸೇವೆ ಕೇಳುತ್ತಿದ್ದವು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಬೇಕು, ಅದನ್ನು ಹೂವು ಕೊಳ್ಳುವ ಶಂಕರಪುರದ ಮಲ್ಲಿಗೆ ಕಟ್ಟೆಗೆ ಕಳಿಸಬೇಕು. ಆಮೇಲೆ ಅಡುಗೆ, ಶಾಲೆ, ಮತ್ತೆ ಅಡುಗೆ. ಮಲ್ಲಿಗೆ ಗಿಡಕ್ಕೆ ಭಾನುವಾರವೆಂದರೆ ಏನೆಂದು ಯಾರೂ ಕಲಿಸಿರಲಿಲ್ಲ.

ಇಂಥ ನನಗೆ ಡೈರಿಯ ಹುಚ್ಚು. ಪ್ರತಿ ಡಿಸೆಂಬರಿನಲ್ಲಿ ಬ್ಯಾಂಕಿನಲ್ಲಿದ್ದ ಚಿಕ್ಕಪ್ಪನ ಮಗನನ್ನು ಕಾಡಿ ಒಂದು ಡೈರಿ ಗಿಟ್ಟಿಸಿಕೊಳ್ಳುತ್ತಿದ್ದೆ. ಜನವರಿಯ ಮೊದಲ ದಿನಗಳಲ್ಲಿ ಮುತ್ತಿನಂಥ ಅಕ್ಷರ: ಬೇಗ ಏಳುವುದು, ದಿನಕ್ಕೆ ಹತ್ತು ಪುಟ ಓದುವುದು, ಸಿಟ್ಟು ಮಾಡದಿರುವುದು. ಸಂಕ್ರಾಂತಿಯ ಹೊತ್ತಿಗೆ ಅಕ್ಷರ ಗೀಚಾಗುತ್ತಿತ್ತು. ಶಿವರಾತ್ರಿಗೆ ಪುಟಗಳೆಲ್ಲ ಖಾಲಿ. ಮಳೆಗಾಲ ಬಂದಾಗ ಡೈರಿ ಅಲುಗಾಡುವ ಮೇಜಿನ ಕಾಲಡಿ ಸೇರಿ ಗಟ್ಟಿಯಾಗಿ ನಿಲ್ಲುತ್ತಿತ್ತು. ನನ್ನ ಡೈರಿಗಳಲ್ಲಿ ಪ್ರಯೋಜನಕ್ಕೆ ಬಂದ ಭಾಗವೆಂದರೆ ಅದೊಂದೇ.

ಸಿಸಿಲಿಯಾ ಟೀಚರ್ ಸಿಕ್ಕಿದ್ದು ಉಡುಪಿಯಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ. ಕಡಿಯಾಳಿಯ ಕಡೆಯವರು, ಗಣಿತ ಕಲಿಸುತ್ತಿದ್ದರು. ಎತ್ತರದ ಆಳು. ಮದುವೆಯಾಗಿರಲಿಲ್ಲ; ಮನೆಯಲ್ಲಿ ಹಾಸಿಗೆ ಹಿಡಿದ ತಂದೆ. ಮಧ್ಯಾಹ್ನ ಊಟದ ಹೊತ್ತಿಗೆ ಹೆಂಗಸರೆಲ್ಲ ಸೇರಿದ್ದಾಗ ಅವರು ಎದ್ದು ನಿಂತು, ಕಾರ್ಕಳದ ಟೀಚರುಗಳು ಪ್ರತಿ ವರ್ಷ ತ್ರೋಬಾಲ್ ಪಂದ್ಯ ನಡೆಸುತ್ತಾರೆ, ಉಡುಪಿ ಕಡೆಯಿಂದ ಇದುವರೆಗೆ ಒಂದು ತಂಡವೂ ಹೋದದ್ದಿಲ್ಲ, ಈ ಸಲ ನಾವು ಹೋಗುವ ಎಂದರು.

ಎಲ್ಲರೂ ಒಂದೇ ಸ್ವರದಲ್ಲಿ ಹೇಳಿದೆವು: "ಪುರುಸೊತ್ತು ಇಲ್ಲ ಟೀಚರ್."

"ಪುರುಸೊತ್ತು ಇಲ್ಲವಾ, ಹುಡುಕಿಲ್ಲವಾ? ಎರಡೂ ಬೇರೆ ಬೇರೆ ಮಾರಾಯ್ತಿ" ಎಂದರು ಅವರು, ನನ್ನನ್ನೇ ನೋಡಿಕೊಂಡು. ಉಳಿದವರು ತಟ್ಟೆ ತೊಳೆಯಲು ಎದ್ದಿದ್ದರು. ನನ್ನ ಊಟ ಮುಗಿದಿರಲಿಲ್ಲ, ಸಿಕ್ಕಿಬಿದ್ದೆ.

ಮರುದಿನ ಸಂಜೆ, ಪುರುಸೊತ್ತು ಹುಡುಕುವ ಬಾ ಎಂದು ನನ್ನನ್ನು ಬಸ್ ನಿಲ್ದಾಣದ ಹತ್ತಿರದ ಪುಸ್ತಕದಂಗಡಿಗೆ ಎಳೆದುಕೊಂಡು ಹೋದರು. ಸೀರೆ ಆರಿಸುವವರನ್ನು ನೋಡಿದ್ದೀರಿ, ಮೀನು ಆರಿಸುವವರನ್ನು ನೋಡಿದ್ದೀರಿ. ಸಿಸಿಲಿಯಾ ಟೀಚರ್ ಡೈರಿ ಆರಿಸುವುದನ್ನು ನೀವು ನೋಡಬೇಕಿತ್ತು. ಮೇಜಿನ ಮೇಲೆ ಬಿಡಿಸಿಟ್ಟು ಕೈಬಿಡುವರು. ತಾನಾಗಿ ಮುಚ್ಚಿಕೊಂಡರೆ ಅದು ಫೇಲು. ಮೂಲೆಯಲ್ಲಿ ಶಾಯಿಯ ಒಂದು ಚುಕ್ಕೆ ಇಟ್ಟು ಪುಟ ತಿರುವುವರು. ಹಿಂದೆ ಕಂಡರೆ ಅದೂ ಫೇಲು. ಅಂಗಡಿಯ ಶೆಣೈ ಮಾಮ್ ಚುಕ್ಕೆ ಬಿದ್ದ ಡೈರಿಗಳನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಕೊನೆಯ ಪರೀಕ್ಷೆ ಭಾನುವಾರದ್ದು. ಯಾವ ಡೈರಿ ತೆರೆದರೂ ಶನಿವಾರ ಭಾನುವಾರ ಎರಡಕ್ಕೂ ಸೇರಿ ಒಂದೇ ಪುಟ.

"ನೋಡು, ಇದನ್ನು ಮಾಡಿದವನಿಗೆ ಆದಿತ್ಯವಾರ ರಜೆ" ಎಂದರು ಟೀಚರ್. "ಬಟ್ಟೆ ರಾಶಿ ಒಗೆಯುವವಳು ಮಾಡಿದ್ದರೆ ಆದಿತ್ಯವಾರಕ್ಕೇ ಎರಡು ಪುಟ ಇಡ್ತಿದ್ದಳು."

ಕಡೆಗೆ ಅವರು ಡೈರಿ ಕೊಳ್ಳಲೇ ಇಲ್ಲ. ಗೆರೆಯಿಲ್ಲದ ಉದ್ದನೆಯ ನೋಟ್‌ಬುಕ್ಕುಗಳನ್ನು ಕೊಂಡು, ಒಂದನ್ನು ನನ್ನ ಕೈಗಿಟ್ಟು, ಅಂಗಡಿಯ ಜಗಲಿಯಲ್ಲೇ ಕೂತು ಸ್ಕೇಲಿನಿಂದ ಗೆರೆ ಎಳೆದು ತೋರಿಸಿದರು. ಬಿಡಿಸಿದ ಎರಡು ಪುಟದಲ್ಲಿ ಒಂದು ವಾರ. ಏಳು ದಿನಕ್ಕೆ ಏಳು ಸಮಾನ ಕಂಬ. ಎಡಗಡೆ ಮೇಲಿನಿಂದ ಕೆಳಗೆ ಗಂಟೆಗಳು.

"ಏನು ಮಾಡಬೇಕು ಅಂತ ಬರೆಯಬೇಡ. ನೀನು ನಿಜವಾಗಿ ಏನು ಮಾಡಿದೆ, ಅದನ್ನು ಬರಿ. ಬೇರೆಯವರಿಗಾಗಿ ಮಾಡಿದ್ದೆಲ್ಲ ನೀಲಿ ಪೆನ್ಸಿಲ್. ನಿನಗೋಸ್ಕರ ಇದ್ದದ್ದು ಬಿಳಿ. ವಾರ ಕಳೆದ ಮೇಲೆ ಬಿಳಿ ಎಷ್ಟು ಉಂಟು ನೋಡುವ."

ವಾರದ ಕೊನೆಗೆ ನನ್ನ ಪುಟಗಳು ಮಲ್ಪೆಯ ಸಮುದ್ರದಂತೆ ಕಾಣುತ್ತಿದ್ದವು. ನಾನು ಎಷ್ಟು ಕೆಲಸ ಮಾಡುತ್ತೇನೆಂದು ಮೊದಲ ಸಲ ಕಣ್ಣಿಗೆ ಕಂಡು ಸ್ವಲ್ಪ ಹೆಮ್ಮೆಯೇ ಆಯಿತು, ಆಮೇಲೆ ಅಳು ಬಂತು. ಆದರೆ ಆ ನೀಲಿಯ ನಡುವೆ ಒಂದು ಕಡೆ ಬಿಳಿ ಮಾಡಿಕೊಳ್ಳಬಹುದಾದ ಸಣ್ಣ ದ್ವೀಪವಿತ್ತು. ಭಾನುವಾರ ಊಟವಾದ ಮೇಲೆ ಮನೆಯೆಲ್ಲ ನಿದ್ದೆ ಹೋಗುತ್ತಿತ್ತು. ಸಂಜೆಯ ಚಹಾದವರೆಗೆ ನಾನು ಮಕ್ಕಳ ಪುಸ್ತಕ ತಿದ್ದುತ್ತಿದ್ದೆ. ಆ ತಿದ್ದುವ ಕೆಲಸವನ್ನು ಶಾಲೆಯ ಮಧ್ಯಾಹ್ನಗಳಿಗೆ ಹಂಚಿಬಿಟ್ಟರೆ?

ಸಿಸಿಲಿಯಾ ಟೀಚರ್ ಹೀಗೆ ಹಿಡಿದು ತಂದ ಆರು ಮಂದಿ, ಅವರೂ ಸೇರಿ ಏಳು ಜನ, ಕಡಿಯಾಳಿಯಲ್ಲಿ ಅವರ ಮನೆಯ ಜಗಲಿಯಲ್ಲಿ ಪುಸ್ತಕಗಳನ್ನು ಸಾಲಾಗಿ ಬಿಡಿಸಿಟ್ಟೆವು. ಕಾಪುವಿನ ಜಮೀಲಾ ಹೊಲಿಗೆಯ ಟೀಚರ್, ನನ್ನದೇ ಬಸ್ಸಿನ ಜೊತೆಗಾತಿ. ಅವಳ ಗಂಡ ದುಬಾಯಿಯಲ್ಲಿದ್ದ. ಅವಳ ರಾತ್ರಿಗಳೆಲ್ಲ ಬಿಳಿ. "ನನಗೆ ಬಿಳಿ ಜಾಸ್ತಿ ಉಂಟು, ಯಾರಿಗಾದರೂ ಬೇಕಾ?" ಎಂದು ನಗಿಸಿದಳು. ನಗು ನಿಂತ ಮೇಲೆ ಟೀಚರ್ ಅವಳ ಬೆನ್ನು ಸವರಿದರು. ಏಳೂ ಪುಸ್ತಕಗಳ ಮೇಲೆ ಟೀಚರ್ ಬೆರಳು ಓಡಿತು. ನಂಬುತ್ತೀರೋ ಇಲ್ಲವೋ, ಎಲ್ಲರ ದ್ವೀಪವೂ ಒಂದೇ ಕಡೆ ಇತ್ತು. ಭಾನುವಾರ ಮಧ್ಯಾಹ್ನ. ಊರಿನ ಗಂಡಸರೆಲ್ಲ ಗೊರಕೆ ಹೊಡೆಯುವ ಹೊತ್ತು.

"ಸಿಕ್ಕಿತಲ್ಲ!" ಎಂದು ಟೀಚರ್ ಚಪ್ಪಾಳೆ ತಟ್ಟಿದ ಸದ್ದಿಗೆ ಒಳಗೆ ಮಲಗಿದ್ದ ಅವರ ತಂದೆ ಕೊಂಕಣಿಯಲ್ಲಿ ಏನೋ ಗದರಿದರು. ನಾವು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಏಳು ಪುಸ್ತಕಗಳಲ್ಲೂ ಆ ಜಾಗಕ್ಕೆ ಕೆಂಪು ಚೌಕ ಬಿತ್ತು. ಪಂದ್ಯದ ಭಾನುವಾರಕ್ಕೆ ಬೆಳಗಿನಿಂದ ಸಂಜೆಯವರೆಗೆ ಉದ್ದಕ್ಕೂ ಕೆಂಪು.

ಪುಸ್ತಕವನ್ನು ನಾನು ಅಡುಗೆಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತುಹಾಕಿದೆ. ಅತ್ತೆಗೆ, ಅಂದರೆ ನಾನು ಮಾಮಿ ಎನ್ನುವವರಿಗೆ, ಓದು ಬರಹ ಇಷ್ಟೇ ಇಷ್ಟು. ಮೆಣಸು ಹುರಿಯುತ್ತ ಒಂದು ದಿನ ತುಳುವಿನಲ್ಲಿ ಕೇಳಿದರು, "ಅದೆಂತ ಕೆಂಪು?"

"ನಾನು ಆಡಲಿಕ್ಕೆ ಹೋಗುವ ಹೊತ್ತು, ಮಾಮಿ."

"ಹೂಂ" ಎಂದರು. ಒಪ್ಪಿಗೆಯೋ ಸಿಟ್ಟೋ ನನಗೆ ತಿಳಿಯಲಿಲ್ಲ.

ಜನವರಿಯಿಂದ ಅಭ್ಯಾಸ ಶುರುವಾಯಿತು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಬಳೆ ಬಿಚ್ಚಿಟ್ಟು, ಮದುವೆಯಾದ ಹೆಂಗಸರು ಹಾಡಹಗಲು ಓಡುವುದೆಂದರೆ ಏನು ಸುಖವೆಂದು ಹೇಗೆ ಹೇಳಲಿ? ಮೊದಲ ವಾರ ಚೆಂಡು ನನ್ನ ಕೈಗಿಂತ ಹಣೆಗೇ ಹೆಚ್ಚು ಸಿಕ್ಕಿತು. ಮಲ್ಲಿಗೆಯ ಚೆಂಡು ಕಟ್ಟಿದ ಕೈಗೆ ಇದು ಬೇರೆಯೇ ಚೆಂಡು. ಜಮೀಲಾ ತಲೆವಸ್ತ್ರ ಬಿಗಿದು ಸರ್ವ್ ಮಾಡಿದರೆ ಬಲೆಯ ಆಚೆಗಿದ್ದವರು ತಲೆ ತಗ್ಗಿಸುತ್ತಿದ್ದರು. ಮೈಕೈ ನೋವಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತಲಾರದೆ ಕಂಡಕ್ಟರನಿಂದ ಬೈಗಳು ತಿಂದೂ ನಗುತ್ತಿದ್ದೆವು. ಆಶ್ಚರ್ಯವೆಂದರೆ, ವಾರದ ಉಳಿದ ಕೆಲಸಗಳೆಲ್ಲ ಆ ಕೆಂಪು ಚೌಕಕ್ಕೆ ಹೆದರಿದಂತೆ ಹೊತ್ತಿಗೆ ಸರಿಯಾಗಿ ಮುಗಿಯತೊಡಗಿದವು.

ಪಂದ್ಯಕ್ಕೆ ಇನ್ನು ಕೆಲವೇ ದಿನ ಇರುವಾಗ ಗಂಡ ಬಂದು, "ಮುಂಬಯಿಯ ಮಾವ ಊರಿಗೆ ಬಂದಿದ್ದಾರೆ. ಆದಿತ್ಯವಾರ ನಮ್ಮಲ್ಲಿ ಊಟಕ್ಕೆ ಬರ್ತಾರಂತೆ" ಎಂದರು.

ನಮ್ಮ ಕಡೆ ಸೋದರಮಾವನೆಂದರೆ ಏನೆಂದು ನಿಮಗೆ ಗೊತ್ತಿರಬಹುದು. ತಂದೆಗೂ ಎದುರು ಮಾತಾಡಿಯಾರು, ಮಾವನಿಗೆ ಇಲ್ಲ. ಅವರು ಊಟಕ್ಕೆ ಕೂತಾಗ ಸೊಸೆ ಮನೆಯಲ್ಲಿ ಇಲ್ಲವೆಂದರೆ ಅದು ಊರಿಡೀ ಮಾತಾಗುವ ಸಂಗತಿ.

"ಅದೇ ದಿನ ಕಾರ್ಕಳಕ್ಕೆ ಹೋಗಲಿಕ್ಕುಂಟು" ಎಂದೆ.

ನನ್ನ ಗಂಡ ಕೆಟ್ಟವರಲ್ಲ, ಹೆದರುವವರು. "ಬರುವ ವರ್ಷ ಆಡಿದರೆ ಆಗ್ಲಿಕ್ಕಿಲ್ವಾ?" ಎಂದು ಮೆಲ್ಲನೆ ಕೇಳಿ ಹೊರಟುಹೋದರು.

ಮರುದಿನ ನಸುಕಿನಲ್ಲಿ ಮೊಗ್ಗು ಕೊಯ್ಯುವಾಗ ಕಣ್ಣು ಮಂಜಾಗಿ ಅರಳಿದ ಹೂವನ್ನೂ ಕೊಯ್ದು ಬುಟ್ಟಿಗೆ ಹಾಕುತ್ತಿದ್ದೆ. ನಾನು ಹೋಗದಿದ್ದರೆ ಅವರು ಆರೇ ಮಂದಿ, ತಂಡವೇ ಇಲ್ಲ. ಮಾಮಿ ಪಕ್ಕದ ಸಾಲಿನಲ್ಲಿದ್ದರು.

"ಆ ಕೆಂಪು ಗೆರೆ ಯಾವಾಗ ಎಳೆದದ್ದು?" ಎಂದು ಕೇಳಿದರು.

"ಜನವರಿಯ ಮೊದಲೇ, ಮಾಮಿ."

"ನನ್ನ ಅಣ್ಣ ಬರ್ತೇನೆಂದು ಹೇಳಿದ್ದು?"

"ನಿನ್ನೆ."

"ಹಾಗಾದರೆ ಮೊದಲು ಹೇಳಿದ್ದು ಯಾರು?"

ಅವರೇ ಮುಂದುವರಿಸಿದರು. "ಬರುವುದು ನನ್ನ ಅಣ್ಣ. ಅವನಿಗೆ ಬಡಿಸಲಿಕ್ಕೆ ನನಗೆ ಕೈ ಇಲ್ಲವಾ? ಕೋಳಿಗೆ ಮಸಾಲೆ ಕಡೆದಿಟ್ಟು ನೀನು ಹೋಗು. ಆ ಅರಳಿದ್ದನ್ನೆಲ್ಲ ಬುಟ್ಟಿಯಿಂದ ತೆಗಿ. ಕಟ್ಟೆಯಲ್ಲಿ ನಗ್ತಾರೆ."

ಕಾರ್ಕಳದ ಮೈದಾನ ಫೆಬ್ರುವರಿಯ ಬಿಸಿಲಿಗೆ ಕಾದ ಓಡಿನಂತಿತ್ತು. ಮೊದಲ ಪಂದ್ಯವನ್ನು ಹೇಗೋ ಗೆದ್ದೆವು. ಕೊನೆಯದು ಆ ಊರಿನ ತಂಡದ ಜೊತೆ. ಅವರಿಗೆ ಒಂದೇ ಬಣ್ಣದ ಸೀರೆ, ಮರದ ನೆರಳಲ್ಲಿ ಕೂತು ಕೂಗುವ ಇಡೀ ಊರು. ಮೊದಲ ಆಟ ಸೋತೆವು. ಎರಡನೆಯದರಲ್ಲಿ ಜಮೀಲಾಳ ಸರ್ವ್ ಹತ್ತಿಕೊಂಡಿತು. ಮೂರನೆಯದು ಒಮ್ಮೆ ಅತ್ತ, ಒಮ್ಮೆ ಇತ್ತ. ನನ್ನ ಹಣೆಗೆ ಬರಬೇಕಿದ್ದ ಒಂದು ಚೆಂಡು ಅದೇಕೋ ನೇರ ಕೈಗಳೊಳಗೆ ಬಂದು ಕೂತಿತು. ನಾನೇ ನಂಬದೆ ಅದನ್ನು ನೋಡುತ್ತ ನಿಂತೆ. "ಬಿಸಾಡು ಮಾರಾಯ್ತಿ!" ಎಂದು ಟೀಚರ್ ಕಿರಿಚಿದರು. ಬಿಸಾಡಿದೆ. ಆಚೆಯವರ ಇಬ್ಬರ ನಡುವೆ ಅದು ಬಿತ್ತು. ಇನ್ನೂ ಕೆಲವು ಚೆಂಡುಗಳಾಗಿ, ಗೆಲ್ಲಲು ನಮಗೆ ಒಂದೇ ಪಾಯಿಂಟ್ ಬೇಕಿದ್ದಾಗ ಅವರ ಕಡೆಯ ಗಟ್ಟಿಗಿತ್ತಿಯೊಬ್ಬಳು ಸರ್ವ್ ಮಾಡಿದಳು. ಏಳು ಮಂದಿ ಕೈ ಚಾಚಿ, ಉಸಿರು ಹಿಡಿದು ಕಾದೆವು. ಚೆಂಡು ಬರಲೇ ಇಲ್ಲ. ಅದು ಬಲೆಗೆ ಸಿಕ್ಕಿ ಅವರ ಕಡೆಯೇ ಉರುಳಿತ್ತು. ಸೀಟಿ ಊದಿದರೂ, ಜನ ಓಡಿಬಂದರೂ ಸಿಸಿಲಿಯಾ ಟೀಚರ್ ಕೈ ಚಾಚಿಕೊಂಡೇ ನಿಂತಿದ್ದರು. "ಗೆದ್ದದ್ದು ನಾವು ಟೀಚರ್!" ಎಂದು ಜಮೀಲಾ ಅವರ ಕೈಗಳನ್ನು ಹಿಡಿದು ಕೆಳಗಿಳಿಸಬೇಕಾಯಿತು. ನಾವು ಅಪ್ಪಿಕೊಂಡು ಕುಣಿದೆವು. ಶಾಲೆಯಲ್ಲಿ ಮಕ್ಕಳಿಗೆ ಗಲಾಟೆ ಮಾಡಬೇಡಿ ಎನ್ನುವ ಏಳು ಮಂದಿ!

ಬಹುಮಾನದ ಸ್ಟೀಲಿನ ತಟ್ಟೆ ಎದೆಗವಚಿಕೊಂಡು ಮುಸ್ಸಂಜೆಗೆ ಮನೆ ಸೇರಿದಾಗ ಮುಂಬಯಿಯ ಮಾವ ಜಗಲಿಯಲ್ಲಿ ಕೂತೇ ಇದ್ದರು. ತಟ್ಟೆಯನ್ನು ಸೆರಗಿನಡಿ ಮುಚ್ಚಿಕೊಂಡೆ.

"ಬಾ ಇಲ್ಲಿ" ಎಂದರು. "ಮಧ್ಯಾಹ್ನದಿಂದ ನನ್ನ ತಂಗಿ ನಿನ್ನ ಆಟದ್ದೇ ಹೇಳ್ತಿದ್ದಾಳೆ. ಅವಳಿಗೆ ಆಟದ ಹೆಸರೂ ಬರುವುದಿಲ್ಲ. ನೀನು ಮೊದಲಿನಿಂದ ಹೇಳು. ಎಂತ ಆಯಿತು?"

ಹೇಳಿದೆ. ಎದ್ದು ನಿಂತು, ಕೈ ಬೀಸಿ, ಹಾರಿ ಹೇಳಿದೆ. ಗಂಡ ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ಆ ಕೊನೆಯ ಸರ್ವ್ ಕೇಳಿದರು. ಮಾಮಿ ತಟ್ಟೆಯನ್ನು ತಿರುವಿ ತಿರುವಿ ನೋಡಿ, ತೊಳೆದು, ಅದರಲ್ಲೇ ನನಗೆ ಕೋಳಿ ಸಾರು, ರೊಟ್ಟಿ ಬಡಿಸಿದರು.

ಮಾವ ಹೋದ ಮೇಲೆ, ಮೊಳೆಯಲ್ಲಿದ್ದ ಪುಸ್ತಕದ ಎದುರು ನಿಂತು ಮಾಮಿ ನನ್ನನ್ನು ಕರೆದರು. "ಇದರಲ್ಲಿ ನನ್ನದೂ ಒಂದು ಬರಿ. ಬರುವ ಆದಿತ್ಯವಾರ, ಊಟ ಆದ ಮೇಲೆ. ಮಟ್ಟುವಿಗೆ ಹೋಗಬೇಕು, ತಂಗಿಯಲ್ಲಿಗೆ."

ಮಟ್ಟು ಎಂದರೆ ದೂರವೇನಲ್ಲ. ಆದರೆ ಮದುವೆಗೆ, ಸಾವಿನ ಬೊಜ್ಜಕ್ಕೆ ಎಂದಲ್ಲದೆ ಸುಮ್ಮನೆ ತಂಗಿಯನ್ನು ನೋಡಲು ಮಾಮಿ ಎಂದೂ ಹೋದವರಲ್ಲ. ನಾನು ಕೆಂಪು ಪೆನ್ಸಿಲಿನಿಂದ ಚೌಕ ಎಳೆದೆ. ಗೆರೆ ಸರಿಯಾಗಿ ಕೂಡಿದೆಯೇ ಎಂದು ಅವರು ಬೆರಳಿಟ್ಟು ನೋಡಿದರು. ಆ ಭಾನುವಾರ ಒಗೆದ ಸೀರೆಯುಟ್ಟು, ಮುಡಿಗೆ ನಮ್ಮದೇ ಮಲ್ಲಿಗೆ ಮುಡಿದು ಒಬ್ಬರೇ ಹೊರಟರು. ಸಂಜೆ ಚೀಲದ ತುಂಬ ಗುಳ್ಳ ಬದನೆ ಹೊತ್ತು ಬಂದರು.

"ಏನೆಲ್ಲ ಮಾತಾಡಿದಿರಿ ಮಾಮಿ?" ಎಂದು ಕೇಳಿದೆ.

"ಎಂತ ಮಾತು? ಇಬ್ಬರೂ ಕೂತೆವು. ಹೊಳೆ ನೋಡಿದೆವು" ಎಂದರು. ಮುಖದಲ್ಲಿ ನಗು ಮಾತ್ರ ರಾತ್ರಿ ಊಟದವರೆಗೂ ಇಳಿಯಲಿಲ್ಲ. ಅಲ್ಲಿಂದ ಮುಂದೆ ತಿಂಗಳಿಗೊಂದು ಕೆಂಪು ಚೌಕ ಅವರದಾಯಿತು, ಅವರು ಇರುವಷ್ಟು ವರ್ಷವೂ.

ಇಷ್ಟು ಬರೆದವಳಿಗೆ ಸಿಸಿಲಿಯಾ ಟೀಚರ್ ಸ್ವರ ಕೇಳಬೇಕೆನಿಸಿ ನಿನ್ನೆ ಫೋನು ಮಾಡಿದೆ. ಈಗ ನನಗೆ ಶಾಲೆಯಿಲ್ಲ, ಹಿತ್ತಿಲಲ್ಲಿ ನಾಲ್ಕೇ ಗಿಡ. ವಾರವಿಡೀ ಬಿಳಿ. ಈ ಬಿಳಿಯನ್ನು ಏನು ಮಾಡುವುದೆಂದು ತಿಳಿಯದೆ ಮಧ್ಯಾಹ್ನಗಳಲ್ಲಿ ಟಿವಿಯ ಎದುರು ತೂಕಡಿಸುತ್ತೇನೆ. ಮಂಗಳವಾರ ನಿಮ್ಮಲ್ಲಿಗೆ ಬರಲೇ ಎಂದು ಕೇಳಿದೆ.

"ಮಂಗಳವಾರ ಆಗ್ಲಿಕ್ಕಿಲ್ಲ ಮಾರಾಯ್ತಿ. ನನಗೆ ಕೀಬೋರ್ಡ್ ಕ್ಲಾಸ್ ಉಂಟು."

"ಈ ಪ್ರಾಯದಲ್ಲಿ?"

"ಯಾಕೆ, ಕೀಬೋರ್ಡಿಗೆ ನನ್ನ ಪ್ರಾಯ ಗೊತ್ತುಂಟಾ? ಕಲಿಸುವವಳು ಸಣ್ಣ ಹುಡುಗಿ. ತಪ್ಪಿದರೆ ಬೈತಾಳೆ. ಎಂತ ಖುಷಿ ಗೊತ್ತುಂಟಾ!"

ನಾನು ಎದುರಿಗಿದ್ದ ಟಿವಿಯನ್ನು ಆರಿಸಿದೆ. ಆಮೇಲೆ ಕೇಳಿಯೇಬಿಟ್ಟೆ, "ಟೀಚರ್, ಅಲ್ಲಿ ಇನ್ನೊಬ್ಬಳಿಗೆ ಜಾಗ ಉಂಟಾ?"

ಆ ಕಡೆಯಿಂದ ಚಪ್ಪಾಳೆಯ ಸದ್ದು ಕೇಳಿಸಿತು. ಫೋನು ಕೆಳಗೆ ಬಿದ್ದ ಸದ್ದೂ. ಮಂಗಳವಾರ ಹತ್ತು ಗಂಟೆಗೆ ಕಡಿಯಾಳಿಯಲ್ಲಿ ಇಳಿಯಬೇಕಂತೆ. ಉಗುರು ಕತ್ತರಿಸಿಕೊಂಡಿದ್ದೇನೆ. ಇವತ್ತಿನ್ನೂ ಶನಿವಾರ, ಆಗಲೇ ಬೆರಳುಗಳು ಮೇಜಿನ ಮೇಲೆ ಏನನ್ನೋ ನುಡಿಸುತ್ತಿವೆ.