ಡಬ್ಬಿಯೊಳಗಿನ ಎರಡನೇ ತುಂಡು

ಕೆಲಸಕ್ಕೆ ಸೇರುವವರ ಹಿಂದುಮುಂದು ವಿಚಾರಿಸುವುದೇ ನನ್ನ ಹೊಟ್ಟೆಪಾಡು. ಮಾದಾಪುರದ ನಮ್ಮ ಆಫೀಸಿಗೆ ಕಂಪನಿಗಳು ಹೆಸರುಗಳನ್ನು ಕಳಿಸುತ್ತವೆ. ಆ ಮನುಷ್ಯ ಹೇಳಿದ ಮನೆಯಲ್ಲಿ ಇದ್ದನೇ, ಹೇಳಿದ ಕಡೆ ದುಡಿದನೇ ಎಂದು ನಾವು ಹೋಗಿ ನೋಡಿ ಬರೆಯುತ್ತೇವೆ. ಈ ವಿದ್ಯೆಯನ್ನು ನಾನು ಕಲಿತದ್ದು ಆಫೀಸಿನ ತರಬೇತಿಯಲ್ಲಲ್ಲ, ಕಾಚಿಗೂಡದ ನಮ್ಮ ಮನೆಯಲ್ಲಿ, ಅಜ್ಜಿಯ ಹತ್ತಿರ. ಮದುವೆಯ ಮಾತು ಬಂದಾಗ ಆಕೆ ಬೀಗರಾಗುವವರನ್ನು ಏನೂ ಕೇಳುತ್ತಿರಲಿಲ್ಲ. ಅವರ ಓಣಿಯ ಕೊನೆಯ ಮನೆಯ ಕಟ್ಟೆಯ ಮೇಲೆ ಕೂತು ಕುಡಿಯಲು ನೀರು ಕೇಳುತ್ತಿದ್ದಳು. "ನಾವೇ ಹೇಳಿ ಹೌದೇನ್ರಿ ಅಂದ್ರ ಎಲ್ಲಾರೂ ಹೌದೇ ಅಂತಾರ. ಅವರ ಬಾಯಿಂದ ತಾನಾಗೇ ಬರಬೇಕು" ಎನ್ನುತ್ತಿದ್ದಳು. ನಾನೂ ಹಾಗೆಯೇ, ಕಾಗದದಲ್ಲಿರುವುದನ್ನು ಮೊದಲೇ ಬಾಯಿಬಿಡುವುದಿಲ್ಲ.

ಒಮ್ಮೆ ಒಬ್ಬ ಹೆಣ್ಣುಮಗಳ ಕಾಗದ ಬಂತು. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದು ಅವಳನ್ನು ತಪಾಸಣೆಯ ಕೆಲಸಕ್ಕೆ ಆರಿಸಿಕೊಂಡಿತ್ತು. ಸನತ್‌ನಗರದ ಸಣ್ಣ ವರ್ಕ್‌ಶಾಪೊಂದರಲ್ಲಿ ಆರು ವರ್ಷ ಬಿಡದೆ ದುಡಿದಿದ್ದೇನೆ ಎಂದು ಅವಳು ಬರೆದಿದ್ದಳು. ಆ ವರ್ಕ್‌ಶಾಪು ಮುಚ್ಚಿ ಹೋಗಿತ್ತು. ಅವಳ ಬಳಿ ಉಳಿದದ್ದು ಒಂದು ಹಿತ್ತಾಳೆ ಬಿಲ್ಲೆ ಮಾತ್ರ. ಅದರ ಮೇಲೆ ಮೂವತ್ತೇಳು ಎಂಬ ಅಂಕಿ, ಅವಳ ಹಾಜರಿ ನಂಬರು. ಎರಡು ಸಲ ಅಲ್ಲಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದೆ. ಗಡುವಿನ ದಿನ ಬಂತು. ಸಂಜೆಯೊಳಗೆ ಏನೂ ಸಿಗದಿದ್ದರೆ 'ಖಚಿತವಾಗಲಿಲ್ಲ' ಎಂದು ಬರೆಯಬೇಕಿತ್ತು. ಬರೆದರೆ ಅವಳ ಕೈಗೆ ಬಂದ ಕೆಲಸ ಹೋಗುತ್ತಿತ್ತು.

ಆವತ್ತು ಮೂರನೇ ಸಲ ಹೋದಾಗ ಅಲ್ಲಿನ ಚಹಾದಂಗಡಿಯವನು, ವರ್ಕ್‌ಶಾಪಿನ ಹಳೇ ಮೇಸ್ತ್ರಿ ಹಿಂದಿನ ಗಲ್ಲಿಯಲ್ಲೇ ಇದ್ದಾನೆಂದು ತೋರಿಸಿದ. ಬಾಗಿಲ ಹತ್ತಿರ ಹೋದರೆ, ಈ ತೆಲುಗು ಊರಿನಲ್ಲಿ, ಒಳಗಿಂದ ಕನ್ನಡ!

"ಮಾವಾರ, ಚಹಾ ಆರಾಕತ್ತೈತ್ರಿ. ಆ ರೇಡಿಯೋ ಏನ್ ಓಡಿಹೋಗಾಂಗಿಲ್ಲ."

ಮಾತಾಡಿದವಳು ಮೇಸ್ತ್ರಿಯ ಸೊಸೆ. ನನ್ನನ್ನು ಒಳಗೆ ಕರೆದಳು. ಮೇಸ್ತ್ರಿಗೆ ಎರಡೂ ಕಣ್ಣು ಹೋಗಿದ್ದವು. ನನ್ನ ಕನ್ನಡ ಕೇಳಿ ಮುಖ ಅರಳಿತು.

"ಯಾವ ಕಡಿಯವ್ರು ನೀವು, ತಮ್ಮಾ?"

"ಅಜ್ಜಿ ಬೀದರ ಕಡಿಯಾಕಿರಿ, ಕಾಕಾ."

ಆಮೇಲೆ ಅರ್ಧ ಗಂಟೆ ಬೀದರಿನ ಬಿಸಿಲು, ಇಲ್ಲಿನ ನೀರು, ಮೊಣಕಾಲು ನೋವು. ಕೊನೆಗೆ ವರ್ಕ್‌ಶಾಪಿಗೆ ಬಂದೆವು. "ತಪಾಸಣಿಗೆ ಹೆಣ್ಮಕ್ಕಳು ಮೂರು ಮಂದಿ ಇದ್ರು" ಎಂದ. ಆಗ ನಾನು ಹೆಸರು ಹೇಳಿದೆ. ಬಿಲ್ಲೆಯ ನಂಬರು ಹೇಳಲಿಲ್ಲ.

"ಇದ್ಲು. ತಡಿ." ಸೊಸೆಯತ್ತ ತಿರುಗಿ, "ಡಬ್ಬಿ ತಗೊಂಡ್ ಬಾರವ್ವಾ."

"ಬಂತು ನೋಡ್ರಿ ಖಜಾನಿ! ಬಂಗಾರಿದ್ರೂ ಇಷ್ಟು ಜ್ವಾಕಿ ಮಾಡ್ತಿದ್ದಿಲ್ಲ" ಎನ್ನುತ್ತ ಆಕೆ ಹಳೇ ಬಿಸ್ಕೀಟಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದಿಟ್ಟಳು.

ಅದರ ತುಂಬ ಎಣ್ಣೆ ಸವರಿದ ಕಬ್ಬಿಣದ ಚೌಕ ತುಂಡುಗಳು, ಲಾಡುವಿನಷ್ಟು ದೊಡ್ಡವು. ಆ ವರ್ಕ್‌ಶಾಪಿನಲ್ಲಿ ಹೊಸಬರು ಯಾರೇ ಬರಲಿ, ಮೊದಲು ಒಂದು ಒರಟು ತುಂಡನ್ನು ಕೈಯಿಂದಲೇ ಅರ ಹಾಕಿ ಉಜ್ಜಿ ಆರೂ ಮೈ ಸಮ ಮಾಡಬೇಕಿತ್ತಂತೆ. ಆಮೇಲೇ ಯಂತ್ರ ಮುಟ್ಟುವುದು. ತುಂಡಿನ ಮೇಲೆ ಅವರವರ ನಂಬರು, ತಿಂಗಳು, ವರ್ಷ ಒತ್ತಿ ಮೇಸ್ತ್ರಿ ತಾನೇ ಇಟ್ಟುಕೊಳ್ಳುತ್ತಿದ್ದ. ಯಜಮಾನ ವರ್ಕ್‌ಶಾಪು ಮಾರಿದ ದಿನ ಕಾಗದಪತ್ರವೆಲ್ಲ ರದ್ದಿಗೆ ಹೋಯಿತು. ಮೇಸ್ತ್ರಿ ಈ ಡಬ್ಬಿಯೊಂದನ್ನು ಎತ್ತಿಕೊಂಡು ಬಂದ.

ಅವನ ಕೈ ಡಬ್ಬಿಯೊಳಗೆ ಇಳಿಯಿತು. ಒಂದೊಂದನ್ನೂ ಎತ್ತಿ ಅಂಚಿಗೆ ಹೆಬ್ಬೆರಳಿನ ಉಗುರು ಎಳೆದು ಪಕ್ಕಕ್ಕಿಡುತ್ತ ಹೋದ. "ಇಂವಾ ಅವಸರದ ಮನಷ್ಯಾ... ಇಂವಾ ಎಡಗೈಯಾಂವ..." ಹತ್ತೋ ಹನ್ನೆರಡೋ ಆದ ಮೇಲೆ ನಿಂತ. "ಇದು ಆಕೀದು. ನಾಕನೇ ಮೂಲ್ಯಾಗ ಸ್ವಲ್ಪ ಇಳಿದೈತಿ. ಕೈ ಸೋತಿತ್ತು ಪಾಪ, ಆದ್ರ ಬಿಡಲಿಲ್ಲ."

ಬೆಳಕಿಗೆ ಹಿಡಿದು ನೋಡಿದೆ. ಮೂವತ್ತೇಳು. ಇಸವಿ ಸರಿಯಾಗಿತ್ತು. ಆ ಮೂಲೆಗೆ ನನ್ನ ಉಗುರನ್ನೂ ಎಳೆದು ನೋಡಿದೆ, ಏನೇನೂ ಗೊತ್ತಾಗಲಿಲ್ಲ. ಎಲ್ಲ ಮೂಲೆಯೂ ನನಗೆ ಒಂದೇ. ಅಷ್ಟು ಜನರ ಕೈ ಆ ಮನುಷ್ಯನ ಒಂದು ಉಗುರಿನ ತುದಿಯಲ್ಲಿತ್ತು!

ಕೆಲಸವಾಯಿತೆಂದು ಫೋಟೋ ತೆಗೆದು ಏಳುವಷ್ಟರಲ್ಲಿ, "ಕೂಡೋ ತಮ್ಮಾ, ಆಕೀದು ಇನ್ನೊಂದೈತಿ" ಎಂದು ಮತ್ತೆ ಕೈ ಹಾಕಿದ.

ಎರಡನೆಯದರ ಮೇಲೂ ಮೂವತ್ತೇಳೇ, ಆದರೆ ಮೂರು ವರ್ಷದ ನಂತರದ ತಾರೀಖು. ಮೂರು ತಿಂಗಳಿಗಿಂತ ಹೆಚ್ಚು ಬಿಟ್ಟು ಬಂದವರು ಹೊಸದಾಗಿ ಇನ್ನೊಂದು ತುಂಡು ಉಜ್ಜಲೇಬೇಕಿತ್ತಂತೆ. "ನಡುವ ಎಂಟು ತಿಂಗಳು ಬಂದಿದ್ದಿಲ್ಲ ಆಕಿ" ಎಂದ.

ಅವಳ ಕಾಗದ ತೆಗೆದು ನೋಡಿದೆ. 'ಬಿಡದೆ ಆರು ವರ್ಷ' ಎಂದೇ ಇತ್ತು. ಮೊದಲ ತುಂಡು ಕೊಟ್ಟ ಕೆಲಸವನ್ನು ಈ ಎರಡನೆಯದು ಕಿತ್ತುಕೊಳ್ಳಬಹುದಿತ್ತು.

"ಕಾಕಾ, ಇದನ್ನ ತೋರಿಸದಿದ್ರ ಛಲೋ ಇತ್ತೇನೋ. ಆಕಿ ಕಾಗದದಾಗ ಆ ಎಂಟು ತಿಂಗಳಿನ ಸುದ್ದಿ ಬರದಿಲ್ಲ."

ಅವನಿಗೆ ನನ್ನ ಮಾತೇ ಅರ್ಥವಾಗಲಿಲ್ಲ. "ಎರಡನೇದ ಆಕೀದು ಛಲೋದು, ಹುಚ್ಚಪ್ಪಾ! ಗುನ್ಯಾ ಹಚ್ಚಿ ನೋಡು." ಸೊಸೆ ಗುನ್ಯಾ, ಅಂದರೆ ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟ, ತಂದುಕೊಟ್ಟಳು. ತುಂಡಿಗೆ ಒತ್ತಿ ಕಿಟಕಿಗೆ ಹಿಡಿದೆ. ಕಬ್ಬಿಣಕ್ಕೂ ಮಟ್ಟಕ್ಕೂ ನಡುವೆ ಕೂದಲೆಳೆಯ ಬೆಳಕೂ ಕಾಣಲಿಲ್ಲ. "ಛಲೋದ್ ಮುಚ್ಚಿಟ್ಟು ಅರೆಬರೆ ಇದ್ದದ್ದು ತೋರಿಸ್ಲೇನು?" ಎಂದ ಮೇಸ್ತ್ರಿ.

ಹೊರಗೆ ಬಂದು ಅವಳಿಗೆ ಫೋನು ಮಾಡಿ ಎರಡು ತುಂಡಿನ ಸಂಗತಿ ಹೇಳಿದೆ. ಅವಳು ತೆಲುಗಿನಲ್ಲಿ ಕೇಳಿದ್ದು ಕೆಲಸದ ಸುದ್ದಿಯಲ್ಲ, "ಮೇಸ್ತ್ರಿಗಾರು ಅವನ್ನು ಇನ್ನೂ ಇಟ್ಟುಕೊಂಡಿದ್ದಾರಾ?" ಎಂದು. ಹೆರಿಗೆಗೆ ಹೋಗಿದ್ದಳು. ನಡುವೆ ಬಿಟ್ಟದ್ದನ್ನು ತೋರಿಸಿದರೆ ಯಾರೂ ತೆಗೆದುಕೊಳ್ಳುವುದಿಲ್ಲವೆಂದು ಅರ್ಜಿ ಬರೆದುಕೊಟ್ಟವನು ಹೆದರಿಸಿದ್ದನಂತೆ. "ಇದ್ದದ್ದನ್ನು ಸಂಜೆಯೊಳಗೆ ನೀವೇ ಬರೆದು ಕಳಿಸಿಬಿಡಿ" ಎಂದೆ. ಕಳಿಸಿದಳು. ಅವಳ ಕಾಗದ, ಮೇಸ್ತ್ರಿಯ ಹೇಳಿಕೆ, ಎರಡೂ ತುಂಡಿನ ಚಿತ್ರ, ಎಂಟು ತಿಂಗಳ ಲೆಕ್ಕ, ಎಲ್ಲವನ್ನೂ ಸೇರಿಸಿ ನಾನೂ ಕಳಿಸಿದೆ.

ನಾಲ್ಕು ದಿನ ನನಗೆ ಸಮಾಧಾನವಿರಲಿಲ್ಲ. ಐದನೇ ದಿನ ಆ ಕಾರ್ಖಾನೆಯ ತಪಾಸಣೆ ವಿಭಾಗದ ಮುಖ್ಯಸ್ಥರೇ ಫೋನು ಮಾಡಿದರು. ತಾವೂ ಚಿಕ್ಕಂದಿನಲ್ಲಿ ಇಂಥದೇ ತುಂಡು ಉಜ್ಜಿ ಅಂಗೈ ಬೊಬ್ಬೆ ಎಬ್ಬಿಸಿಕೊಂಡವರಂತೆ. "ಸೇರುವ ದಿನ ಎರಡನ್ನೂ ತರಲು ಹೇಳಿ, ಕಣ್ಣಾರೆ ನೋಡಬೇಕು" ಎಂದರು.

ಅವಳು ಮೇಸ್ತ್ರಿಯ ಮನೆಗೆ ಅವನ್ನು ತರಲು ಹೋದ ದಿನ ಮಧ್ಯಾಹ್ನ ಸೊಸೆ ನನಗೆ ಫೋನು ಮಾಡಿದಳು.

"ಮಾವಾರು ಎರಡನೇದು ಕೊಟ್ರುರಿ. ಮೊದಲನೇದು ಕೊಡಾಕ ಒಲ್ಲೆ ಅಂತಾರ. ಅದರ ಮೂಲಿ ಇನ್ನೂ ಸರಿಯಾಗಿಲ್ಲಂತ, ಆಕೀನ್ನ ಅಂಗಳದಾಗ ಕುಂಡರಿಸಿ ಅರ ಕೊಟ್ಟಾರ. ಉಜ್ಜಾಕತ್ತಾಳ ನೋಡ್ರಿ ಪಾಪ!"

ಫೋನಿನೊಳಗೆ ಅರದ ಸದ್ದು ಕೇಳುತ್ತಿತ್ತು.