ಇದ್ದಿಲು ಬಸ್ಸಿನ ಪೋಕರ್

ಯುದ್ಧದ ಕಾಲ, ಪೆಟ್ರೋಲಿಲ್ಲ. ನಮ್ಮ ಬಸ್ಸು ಇದ್ದಿಲು ಉರಿಸಿ ಓಡುತ್ತಿತ್ತು. ನಿಂತಲ್ಲೆಲ್ಲ ಗಾಳಿಚಕ್ರ ತಿರುಗಿಸಿ ಬೆಂಕಿ ಎಬ್ಬಿಸಿ ಮೈಗೆಲ್ಲ ಮಸಿ ಮಾಡಿಕೊಳ್ಳುವುದು ಕಂಡಕ್ಟರನಾದ ನನ್ನ ಪಾಲು.

ದೇವನಹಳ್ಳಿಯಲ್ಲಿ ಡ್ರೈವರು ಊಟಕ್ಕೆ ಹೋದಾಗ, ರಜೆಗೆ ಬಂದಿದ್ದ ಸಿಪಾಯಿಯೊಬ್ಬ ಹುಣಸೆಬೀಜ ಪಣವಿಟ್ಟು ನನಗೆ ಪೋಕರ್ ಅನ್ನೋ ಇಸ್ಪೀಟಾಟ ಕಲಿಸಿದ. ಕೈಯಲ್ಲಿರುವ ಎಲೆ ಕೆಟ್ಟದಾಗಿದ್ದರೂ ಪಣ ಏರಿಸಿ ಹೆದರಿಸಬೇಕಂತೆ. ಏರಿಸಿದೆ. ಅವನು ನಕ್ಕ.

"ಬೀಜಕ್ಕೆ ಯಾರು ಹೆದರ್ತಾರೆ? ಕಾಸಿಡ್ದೆ ಈ ಆಟ ಬರಲ್ಲ ಕಣಯ್ಯ."

"ಹಂಗಾದ್ರೆ ಒಂದು ಬೀಜ ಸೋತ್ರೆ ಒಂದ್ಸಲ ಚಕ್ರ ತಿರುಗಿಸ್ಬೇಕು. ಆಗ್ಬೋದಾ ಸ್ವಾಮಿ?"

ಒಪ್ಪಿ ಒಂದು ಬೀಜ ಇಟ್ಟ. ನಾನು ನನ್ನ ಗುಡ್ಡೆಯನ್ನೆಲ್ಲ ಮುಂದಕ್ಕೆ ತಳ್ಳಿದೆ; ಆಟ ಮುಂದುವರಿಸಲು ಅವನೂ ಅಷ್ಟೇ ಬೀಜ ಇಡಬೇಕು. ಅವನು ತನ್ನ ಗರಿಗರಿ ಅಂಗಿಯನ್ನೊಮ್ಮೆ ನೋಡಿಕೊಂಡು, ಇಟ್ಟ ಒಂದು ಬೀಜ ಹೋದರೆ ಹೋಗಲಿ ಎಂದು ಎಲೆ ಬಿಸಾಕಿದ. ನನ್ನ ಎಲೆ ತೋರಿಸಿದೆ: ಒಂದು ಜೋಡಿಯೂ ಇರಲಿಲ್ಲ!

ಸೋತ ಬೀಜಕ್ಕೆ ಅವನು ಚಕ್ರ ತಿರುಗಿಸುವಾಗ ಬಸ್ಸಿಗೆ ಬಸ್ಸೇ ಕೇಕೆ ಹಾಕಿತು. ಪೋಕರ್‌ಗೆ ಕಾಸೇ ಬೇಕೆಂದಿಲ್ಲ; ಎದುರಿಗಿರುವವನು ಇಸ್ತ್ರಿ ಅಂಗಿ ಹಾಕಿದ್ದರೆ ಸಾಕು.